ಎಷ್ಟು ಕಿಲೋವ್ಯಾಟ್ ಎಂದು ಕೇಳುವ ಮೊದಲು, ಎಷ್ಟು ಡಿಗ್ರಿ ಎಂದು ಕೇಳಿ

ಬಳ್ಳಾರಿಯವರಿಗೆ ಬಿಸಿಲಿನ ಬಗ್ಗೆ ಹೊಸದಾಗಿ ಹೇಳುವುದೇನೂ ಇಲ್ಲ. ಏಪ್ರಿಲ್ ಮಧ್ಯಾಹ್ನ ಮಹಡಿ ಮೇಲಿನ ಟ್ಯಾಂಕಿನ ನಲ್ಲಿ ತಿರುಗಿಸಿದರೆ ನೀರು ಕೈ ಸುಡುತ್ತದೆ. ಹಾಗಾಗಿ ಆ ಪೀಠಿಕೆ ಬಿಟ್ಟು, ಇಲ್ಲಿ ಕೂತಿರುವ ಘಟಕಗಳ ಮಾಲೀಕರಿಗೂ ವಿದ್ಯಾರ್ಥಿಗಳಿಗೂ ನೇರವಾಗಿ ಕಾರ್ಖಾನೆಯಲ್ಲಿ ಬಿಸಿಲು ಬಳಸುವ ಮಾತು ಹೇಳುತ್ತೇನೆ.

ಸೋಲಾರ್ ಹಾಕಿಸಬೇಕು ಎಂದು ಬರುವ ಮಾಲೀಕರು ಮೊದಲು ಕೇಳುವುದು ಒಂದೇ ಪ್ರಶ್ನೆ. "ನಮ್ಮ ಶೆಡ್ ಮೇಲೆ ಎಷ್ಟು ಕಿಲೋವ್ಯಾಟ್ ಕೂರುತ್ತೆ ಸರ್?" ಪ್ರಶ್ನೆ ತಪ್ಪಲ್ಲ. ಆದರೆ ಅದು ಎರಡನೇ ಪ್ರಶ್ನೆ. ಮೊದಲನೆಯದು ಬೇರೆ ಇದೆ. ನಿಮ್ಮ ಕೆಲಸಕ್ಕೆ ಎಷ್ಟು ಡಿಗ್ರಿ ಬಿಸಿ ಬೇಕು? ಅದು ದಿನದ ಯಾವ ಹೊತ್ತಿಗೆ ಬೇಕು? ಇದಕ್ಕೆ ಉತ್ತರ ಗೊತ್ತಿಲ್ಲದೆ ಕೊಟೇಶನ್ ತರಿಸಿದರೆ, ಮಾರುವವನ ಬಳಿ ಏನಿದೆಯೋ ಅದೇ ನಿಮ್ಮ ಶೆಡ್ ಮೇಲೆ ಕೂರುತ್ತದೆ.

ಯಾಕೆ ಹೀಗೆ ಹೇಳುತ್ತಿದ್ದೇನೆ ಅಂದರೆ, ಕಾರ್ಖಾನೆ ಅಂದ ತಕ್ಷಣ ನಮಗೆ ಕರೆಂಟ್ ಬಿಲ್ ನೆನಪಾಗುತ್ತದೆ. ಪ್ರತಿ ತಿಂಗಳು ಬರುವ ಕಾಗದ ಅದು, ಕಣ್ಣಿಗೆ ಕಾಣುತ್ತದೆ. ಆದರೆ ಜಗತ್ತಿನ ಕೈಗಾರಿಕೆಗಳೆಲ್ಲ ಸೇರಿ ಬಳಸುವ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಶಾಖ. ಕಾಯಿಸುವುದು, ಬೇಯಿಸುವುದು, ಒಣಗಿಸುವುದು, ಕರಗಿಸುವುದು. ಮೋಟರ್, ಲೈಟು, ಕಂಪ್ರೆಸರ್ ಎಲ್ಲ ಸೇರಿ ಉಳಿದ ಕಾಲು ಪಾಲು. ಆ ಶಾಖದಲ್ಲೂ ಹತ್ತಿರ ಹತ್ತಿರ ಅರ್ಧದಷ್ಟು 400 ಡಿಗ್ರಿಗಿಂತ ಕೆಳಗಿನದು. ಅಂದರೆ ಬಿಸಿಲಿನಿಂದ ಮುಟ್ಟಬಹುದಾದ ಮಟ್ಟದ್ದು. ಇದು ಸೌದೆ, ಡೀಸೆಲ್, ಹೊಟ್ಟು, ಕಲ್ಲಿದ್ದಲು ಎಂದು ಬೇರೆ ಬೇರೆ ಲೆಕ್ಕದಲ್ಲಿ ಹಂಚಿಹೋಗಿರುವುದರಿಂದ ಯಾರೂ ಒಟ್ಟಿಗೆ ನೋಡುವುದಿಲ್ಲ.

ನಿಮ್ಮ ಜಿಲ್ಲೆಯನ್ನೇ ತಗೊಳ್ಳಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಊದು ಕುಲುಮೆಯಿಂದ ಹೊರಗೆ ಹರಿಯುವ ಕಬ್ಬಿಣದ ಬಿಸಿ ಸುಮಾರು 1500 ಡಿಗ್ರಿ. ಅಲ್ಲಿಂದ ಬಳ್ಳಾರಿ ಊರೊಳಗೆ ಬಂದರೆ ಜೀನ್ಸ್ ವಾಷಿಂಗ್ ಘಟಕಗಳು. ಜೀನ್ಸ್ ಮೆದು ಮಾಡುವ ಎನ್‌ಜೈಮ್ ವಾಶ್‌ಗೆ ಬೇಕಾದ ನೀರು 50ರಿಂದ 60 ಡಿಗ್ರಿ. ಎರಡೂ ಕಡೆ ಬೆಂಕಿ ಉರಿಯುತ್ತದೆ. ಎರಡೂ ಕಡೆ ಹೊಗೆ ಬರುತ್ತದೆ. ಆದರೆ ಒಂದು ಕಡೆ ಬಿಸಿಲು ಬೆಂಕಿಯ ಜಾಗಕ್ಕೆ ಬರುವುದು ಸದ್ಯಕ್ಕೆ ಬಹಳ ಕಷ್ಟ. ಇನ್ನೊಂದು ಕಡೆ ಅದು ಬರದೇ ಇರುವುದಕ್ಕೆ ಒಳ್ಳೆಯ ಕಾರಣವೇ ಇಲ್ಲ.

60 ಡಿಗ್ರಿ ನೀರಿಗೆ ನಾವು ಏನು ಮಾಡುತ್ತೇವೆ ನೋಡಿ. ಬಾಯ್ಲರ್‌ನಲ್ಲಿ ಸೌದೆ ಹಾಕುತ್ತೇವೆ. ಆ ಬೆಂಕಿಯ ಬಿಸಿ 800 ಡಿಗ್ರಿ ದಾಟಿರುತ್ತದೆ. ಅದರಿಂದ 150, 160 ಡಿಗ್ರಿಯ ಹಬೆ ಮಾಡುತ್ತೇವೆ. ಆ ಹಬೆಯನ್ನು ಪೈಪಿನಲ್ಲಿ ಅಂಗಳ ದಾಟಿಸಿ, ದಾರಿಯಲ್ಲಿ ಒಂದಷ್ಟು ಕಳೆದುಕೊಂಡು, ಕೊನೆಗೆ ತಣ್ಣೀರಿಗೆ ಬಿಟ್ಟು 60 ಡಿಗ್ರಿ ಮಾಡುತ್ತೇವೆ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟ ಹಾಗೆ. ಹಾಲಿನ ಡೇರಿಯಲ್ಲೂ ಇದೇ ಕಥೆ. ಪಾಶ್ಚರೀಕರಣಕ್ಕೆ, ಅಂದರೆ ರೋಗಾಣು ಸಾಯುವಂತೆ ಕಾಯಿಸುವುದಕ್ಕೆ, ಹಾಲು 72 ಡಿಗ್ರಿಯಲ್ಲಿ 15 ಸೆಕೆಂಡ್ ಇದ್ದರೆ ಸಾಕು. ಕ್ರೇಟು ತೊಳೆಯುವ ನೀರಿಗೆ ಅಷ್ಟೂ ಬೇಡ. ಆದರೂ ಎಲ್ಲಕ್ಕೂ ಒಂದೇ ಬಾಯ್ಲರ್, ಒಂದೇ ಹಬೆ. ಬಾಯ್ಲರ್ ಹೇಗೂ ಇದೆಯಲ್ಲ, ಅದಕ್ಕೇ ಎಲ್ಲವನ್ನೂ ತಗುಲಿಸಿಬಿಡುತ್ತೇವೆ.

ರಾಮನಗರ, ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ರೀಲಿಂಗ್ ಘಟಕಗಳಿಗೆ ಹೋದವರಿಗೆ ಇದು ಗೊತ್ತಿರುತ್ತದೆ. ರೇಷ್ಮೆ ಗೂಡು ಬೇಯಿಸುವುದಕ್ಕೆ ಕುದಿಯುವಷ್ಟು ಬಿಸಿ ಬೇಕು. ಆದರೆ ನೂಲು ಬಿಚ್ಚುವ ಬೇಸಿನ್ನಿನ ನೀರು ಉಗುರು ಬೆಚ್ಚಗಿನದಕ್ಕಿಂತ ಸ್ವಲ್ಪ ಜಾಸ್ತಿ ಇದ್ದರೆ ಸಾಕು. ಅದರ ಮುಂದೆ ಇಡೀ ದಿನ ಹೊಗೆಯಲ್ಲಿ ಕೂರುವವರು ಬಹಳಷ್ಟು ಕಡೆ ಹೆಣ್ಣುಮಕ್ಕಳು. ಇಂಧನ ಉಳಿತಾಯದ ಲೆಕ್ಕದಲ್ಲಿ ಅವರ ಕಣ್ಣು, ಎದೆ ಎಲ್ಲೂ ಬರುವುದಿಲ್ಲ. ಬರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ಬಿಸಿಲಿನಿಂದ ಕೈಗಾರಿಕೆ ಅನ್ನುವುದು ಹೊಸದು ಅಂತ ಅಂದುಕೊಳ್ಳಬೇಡಿ. ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಉಪ್ಪಿನ ಗದ್ದೆಗಳಿವೆ. ಸಮುದ್ರದ ನೀರು ಗದ್ದೆಗೆ ಬಿಟ್ಟು, ಬಿಸಿಲಿಗೆ ಆರಿಸಿ ಉಪ್ಪು ತೆಗೆಯುತ್ತಾರೆ. ಒಂದು ಕಿಲೋ ನೀರನ್ನು 30 ಡಿಗ್ರಿಯಿಂದ 100ಕ್ಕೆ ಏರಿಸಲು 70 ಕಿಲೋಕ್ಯಾಲರಿ ಸಾಕು. ಅದೇ ನೀರನ್ನು ಪೂರ್ತಿ ಆವಿ ಮಾಡಲು ಇನ್ನೂ 540 ಬೇಕು. ಉಪ್ಪಿಗಾಗಿ ಆರುವ ಅಷ್ಟೂ ನೀರಿಗೆ ಸೌದೆ ಹಾಕಬೇಕಾಗಿದ್ದರೆ ಉಪ್ಪು ಬಡವರ ಅಡುಗೆ ಮನೆಗೆ ಬರುತ್ತಲೇ ಇರಲಿಲ್ಲ. ಬ್ಯಾಡಗಿ ಮೆಣಸಿನಕಾಯಿ ಒಣಗುವುದೂ ಬಿಸಿಲಿನಲ್ಲೇ. ಯಾವ ಮೀಟರೂ ಅಳೆಯದ ಕಾರಣ ಈ ಶಕ್ತಿ ಯಾವ ಅಂಕಿ ಅಂಶದಲ್ಲೂ ಕಾಣುವುದಿಲ್ಲ.

ಯಂತ್ರಕ್ಕೆ ಬಿಸಿಲು ಹಚ್ಚುವ ಪ್ರಯತ್ನವೂ ಹಳೆಯದೇ. 1878ರಲ್ಲಿ ಪ್ಯಾರಿಸ್ಸಿನ ದೊಡ್ಡ ಪ್ರದರ್ಶನದಲ್ಲಿ ಆಗಸ್ಟಿನ್ ಮೂಶೊ ಎಂಬಾತ ಕನ್ನಡಿಗಳಿಂದ ಬಿಸಿಲು ಒಟ್ಟುಗೂಡಿಸಿ, ಹಬೆ ಮಾಡಿ, ಅದರಿಂದ ಮಂಜುಗಡ್ಡೆ ತಯಾರಿಸಿ ತೋರಿಸಿದ. ಅದೇ ದಶಕದಲ್ಲಿ ಬೊಂಬಾಯಿಯಲ್ಲಿ ವಿಲಿಯಂ ಆಡಮ್ಸ್ ಎಂಬ ಬ್ರಿಟಿಷ್ ನೌಕರ ಚಪ್ಪಟೆ ಕನ್ನಡಿಗಳನ್ನು ಅರ್ಧ ವೃತ್ತವಾಗಿ ಜೋಡಿಸಿ, ಹಬೆ ಎಂಜಿನ್‌ನಿಂದ ಪಂಪು ಓಡಿಸಿದ. 1913ರಲ್ಲಿ ಈಜಿಪ್ಟಿನ ಮಾದಿಯಲ್ಲಿ ಅಮೆರಿಕದ ಫ್ರಾಂಕ್ ಶೂಮನ್ ದೋಣಿಯಾಕಾರದ ಉದ್ದನೆಯ ಕನ್ನಡಿಗಳನ್ನು ಹಾಕಿ ನೈಲ್ ನದಿಯ ನೀರನ್ನು ಹೊಲಕ್ಕೆ ಎತ್ತಿದ. ಮರುವರ್ಷ ಮೊದಲ ಮಹಾಯುದ್ಧ ಶುರುವಾಯಿತು. ಆಮೇಲೆ ಎಣ್ಣೆ ಅಗ್ಗವಾಯಿತು. ಇವರು ಯಾರ ಯಂತ್ರವೂ ಕೆಲಸ ಮಾಡದೆ ನಿಂತದ್ದಲ್ಲ. ಪಕ್ಕದಲ್ಲಿ ಅಗ್ಗದ ಕಲ್ಲಿದ್ದಲು, ಎಣ್ಣೆ ಇತ್ತು, ಅದಕ್ಕೇ ನಿಂತವು. ಇದನ್ನು ನೆನಪಿಡಿ. ನಿಮ್ಮ ಘಟಕದಲ್ಲೂ ಕೊನೆಗೆ ತೀರ್ಮಾನ ಮಾಡುವುದು ಪಕ್ಕದಲ್ಲಿರುವ ಇಂಧನದ ಬೆಲೆಯೇ.

ಈಗ ಯಂತ್ರಗಳಿಗೆ ಬರೋಣ. ವಿದ್ಯಾರ್ಥಿಗಳು ಸ್ವಲ್ಪ ಗಮನ ಕೊಟ್ಟು ಕೇಳಿ, ಇದರ ಹಿಂದೆ ಒಂದೇ ಒಂದು ಭೌತಶಾಸ್ತ್ರದ ಮಾತಿದೆ. ಬಿಸಿಯಾದ ಮೈ ಸುತ್ತಲಿನ ಗಾಳಿಗೆ ಬಿಸಿ ಕಳೆದುಕೊಳ್ಳುತ್ತದೆ. ಹೆಚ್ಚು ಬಿಸಿಯಾದಷ್ಟೂ ಹೆಚ್ಚು ಕಳೆದುಕೊಳ್ಳುತ್ತದೆ. ಸೋಲಾರ್ ಶಾಖದ ಎಲ್ಲ ಉಪಕರಣಗಳೂ ಈ ನಷ್ಟದ ಜೊತೆ ಮಾಡಿದ ಗುದ್ದಾಟವೇ.

ಬೆಂಗಳೂರಿನ ಮನೆಗಳ ಮೇಲೆ ನೋಡುವ, ಬಿಸಿಲಿನಿಂದ ನೀರು ಕಾಯಿಸುವ ಚಪ್ಪಟೆ ಕಲೆಕ್ಟರ್‌ನಲ್ಲಿ ಕಪ್ಪು ಬಳಿದ ತಾಮ್ರದ ಹಾಳೆ, ಮೇಲೆ ಗಾಜು, ಕೆಳಗೆ ಶಾಖ ತಡೆಯುವ ಹಾಸು ಇರುತ್ತದೆ. 60, 70 ಡಿಗ್ರಿಯವರೆಗೆ ಇದು ಚೆನ್ನಾಗಿ ದುಡಿಯುತ್ತದೆ. ಅದಕ್ಕಿಂತ ಮೇಲೆ ಹೋದರೆ ಸಿಕ್ಕ ಬಿಸಿಯಲ್ಲಿ ಹೆಚ್ಚು ಹೆಚ್ಚು ಪಾಲನ್ನು ಗಾಳಿಗೇ ಕೊಟ್ಟುಬಿಡುತ್ತದೆ. ಗಾಜಿನ ಕೊಳವೆಯ ಮಾದರಿಯಲ್ಲಿ ಎರಡು ಗಾಜುಗಳ ನಡುವೆ ಗಾಳಿಯನ್ನೇ ತೆಗೆದುಹಾಕಿರುತ್ತಾರೆ. ಗಾಳಿ ಇಲ್ಲದ ಮೇಲೆ ನಷ್ಟ ಕಡಿಮೆ. ಇದು ಸುಮಾರು 100 ಡಿಗ್ರಿವರೆಗೂ, ಒಳ್ಳೆಯದಾದರೆ ಇನ್ನೂ ಸ್ವಲ್ಪ ಮೇಲಕ್ಕೂ ಬರುತ್ತದೆ. ಅದಕ್ಕೂ ಮೇಲೆ ಬೇಕು ಅಂದರೆ ಬಿಸಿಯಾಗುವ ಜಾಗವನ್ನೇ ಚಿಕ್ಕದು ಮಾಡಬೇಕು. ದೊಡ್ಡ ಕನ್ನಡಿಯಿಂದ ಚಿಕ್ಕ ಕೊಳವೆಯ ಮೇಲೆ ಬಿಸಿಲು ಬೀಳಿಸಬೇಕು. ಶೂಮನ್ ಮಾಡಿದ್ದು ಅದನ್ನೇ. ಇಂದಿನ ದೋಣಿ ಕನ್ನಡಿಗಳು 400 ಡಿಗ್ರಿ ಹತ್ತಿರ ಹೋಗುತ್ತವೆ. ಫ್ರಾನ್ಸಿನ ಓಡೆಯೊದಲ್ಲಿರುವ ದೊಡ್ಡ ಸೌರ ಕುಲುಮೆ 3000 ಡಿಗ್ರಿ ದಾಟುತ್ತದೆ. ಅದು ಸಂಶೋಧನೆಗೆ ಇರುವುದು, ವ್ಯಾಪಾರಕ್ಕಲ್ಲ.

ಕನ್ನಡಿಗೆ ಒಂದು ಷರತ್ತಿದೆ. ಅದಕ್ಕೆ ನೇರ ಬಿಸಿಲೇ ಬೇಕು. ಮೋಡದ ಹಿಂದಿನಿಂದ ಹರಡಿ ಬರುವ ಬೆಳಕನ್ನು ಕನ್ನಡಿ ಒಂದು ಕಡೆ ಕೂಡಿಸಲಾರದು. ಚಪ್ಪಟೆ ಕಲೆಕ್ಟರ್, ಗಾಜಿನ ಕೊಳವೆ, ಕರೆಂಟಿನ ಪ್ಯಾನೆಲ್ ಇವು ಮೂರೂ ಮಬ್ಬು ಬೆಳಕಿನಲ್ಲೂ ಏನೋ ಒಂದಷ್ಟು ಕೊಡುತ್ತವೆ. ಆದ್ದರಿಂದ ಕರಾವಳಿ, ಮಲೆನಾಡಿನವರು ಕನ್ನಡಿ ಯಂತ್ರದ ಮಾತಿಗೆ ಬೇಗ ಒಲಿಯಬೇಡಿ. ಬಳ್ಳಾರಿ, ರಾಯಚೂರು, ತುಮಕೂರಿನ ಪೂರ್ವ ಭಾಗದವರಿಗೆ ಆ ಅವಕಾಶ ಇದೆ.

ಕನ್ನಡಿ ಯಂತ್ರಕ್ಕೆ ನಮ್ಮ ಪಕ್ಕದಲ್ಲೇ ಉದಾಹರಣೆಗಳಿವೆ. ತಿರುಮಲದಲ್ಲಿ 2002ರಲ್ಲಿ ಶೆಫ್ಲರ್ ಎಂಬ ತಟ್ಟೆಯಾಕಾರದ 106 ಕನ್ನಡಿಗಳನ್ನು ಹಾಕಿ, ದಿನಕ್ಕೆ ಸುಮಾರು 15,000 ಜನರ ಅಡುಗೆಗೆ ಹಬೆ ಮಾಡುವ ವ್ಯವಸ್ಥೆ ಕಟ್ಟಿದರು. ಮಹಾರಾಷ್ಟ್ರದ ಲಾತೂರಿನ ಮಹಾನಂದ ಡೇರಿಯಲ್ಲಿ 2006ರ ಹೊತ್ತಿಗೆ 'ಅರುಣ್' ಎಂಬ ದೊಡ್ಡ ತಟ್ಟೆ ಬಂತು. ಐಐಟಿ ಬಾಂಬೆಯ ಜೊತೆಗೂಡಿ ಬೆಳೆಸಿದ್ದು. ಕನ್ನಡಿಯ ವಿಸ್ತಾರ ಸುಮಾರು 160 ಚದರ ಮೀಟರ್. ಒಂದೇ ಕಂಬದ ಮೇಲೆ ನಿಂತು ಸೂರ್ಯನ ಕಡೆಗೆ ತಿರುಗುತ್ತಾ ಹೋಗುತ್ತದೆ. ಒತ್ತಡದಲ್ಲಿರುವ ನೀರನ್ನು ಕಾಯಿಸಿ ಪಾಶ್ಚರೀಕರಣಕ್ಕೆ ಕೊಡುತ್ತದೆ. ಒಂದೇ ಕಂಬ ಅನ್ನುವುದು ಯಾಕೆ ಮುಖ್ಯ ಅಂದರೆ, ಕೆಳಗಿನ ಅಂಗಳ ಖಾಲಿ ಉಳಿಯುತ್ತದೆ, ಲಾರಿ ಓಡಾಡಬಹುದು. ಡೇರಿ ಅಂಗಳದಲ್ಲಿ ಜಾಗ ಎಷ್ಟು ಕಷ್ಟ ಅಂತ ಅಲ್ಲಿ ಕೆಲಸ ಮಾಡಿದವರಿಗೆ ಗೊತ್ತು.

ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದ ಉದಾಹರಣೆ ದೂರದ್ದು. ಚಿಲಿ ದೇಶದ ಅಟಕಾಮ ಮರುಭೂಮಿಯಲ್ಲಿ ಗೇಬ್ರಿಯೆಲಾ ಮಿಸ್ಟ್ರಾಲ್ ಎಂಬ ತಾಮ್ರದ ಗಣಿ ಇದೆ. ಅಲ್ಲಿ ತಾಮ್ರವನ್ನು ದ್ರಾವಣದಿಂದ ವಿದ್ಯುತ್ತಿನ ಮೂಲಕ ಬೇರ್ಪಡಿಸುತ್ತಾರೆ. ಆ ದ್ರಾವಣ ಸುಮಾರು 50 ಡಿಗ್ರಿಯಲ್ಲಿ ಇರಬೇಕು. ಅದಕ್ಕೆ ಮುಂಚೆ ಡೀಸೆಲ್ ಸುಡುತ್ತಿದ್ದರು. ಮರುಭೂಮಿಯ ಎತ್ತರದ ಜಾಗಕ್ಕೆ ಟ್ಯಾಂಕರ್‌ಗಳಲ್ಲಿ ಡೀಸೆಲ್ ಹೊತ್ತು ತರುವ ಖರ್ಚು ಬೇರೆ. 2013ರಲ್ಲಿ 39,000 ಚದರ ಮೀಟರ್‌ಗೂ ಮೀರಿದ ಚಪ್ಪಟೆ ಕಲೆಕ್ಟರ್ ಹಾಕಿದರು. ನಮ್ಮ ಮನೆ ಮೇಲಿರುವಂಥದ್ದೇ, ಆಕಾರ ದೊಡ್ಡದು. ಜೊತೆಗೆ 40 ಲಕ್ಷ ಲೀಟರ್‌ಗಿಂತ ದೊಡ್ಡ ಬಿಸಿನೀರಿನ ತೊಟ್ಟಿ. ಆ ಕೆಲಸಕ್ಕೆ ಸುಡುತ್ತಿದ್ದ ಡೀಸೆಲ್‌ನಲ್ಲಿ ಹೆಚ್ಚಿನ ಪಾಲು ನಿಂತುಹೋಗುವಂತೆ ಅದನ್ನು ರೂಪಿಸಿದರು. ಇದರಲ್ಲಿ ಬೆರಗಿನ ತಂತ್ರಜ್ಞಾನ ಏನೂ ಇಲ್ಲ. ಬೇಕಾದ ಬಿಸಿ 50 ಡಿಗ್ರಿ ಎಂದು ಗುರುತಿಸಿದರು. ಬಿಸಿಲು ಬೇಕಾದಷ್ಟಿತ್ತು. ಪಕ್ಕದ ಇಂಧನ ದುಬಾರಿ ಇತ್ತು. ಮೂರೂ ಒಂದೇ ಜಾಗದಲ್ಲಿ ಸೇರಿದವು.

ಈಗ ಬಳ್ಳಾರಿಯ ಲೆಕ್ಕ ಮಾಡೋಣ. ಪೆನ್ನು ಇದ್ದವರು ಬರೆದುಕೊಳ್ಳಿ.

ಒಂದು ವಾಷಿಂಗ್ ಘಟಕ ದಿನಕ್ಕೆ 10,000 ಲೀಟರ್ ನೀರು ಕಾಯಿಸುತ್ತದೆ ಅಂತಿಟ್ಟುಕೊಳ್ಳಿ. ಬೋರ್‌ವೆಲ್ ನೀರು 28 ಡಿಗ್ರಿ, ಬೇಕಾದದ್ದು 60. ಏರಿಕೆ 32 ಡಿಗ್ರಿ. ಅಂದರೆ ದಿನಕ್ಕೆ 3,20,000 ಕಿಲೋಕ್ಯಾಲರಿ. ಕರೆಂಟಿನ ಭಾಷೆಯಲ್ಲಿ ಸುಮಾರು 372 ಯೂನಿಟ್. ನಮ್ಮ ಬಯಲುಸೀಮೆಯಲ್ಲಿ ಒಂದು ಚದರ ಮೀಟರ್ ಜಾಗಕ್ಕೆ ದಿನಕ್ಕೆ ಸರಾಸರಿ 5ರಿಂದ 5.5 ಯೂನಿಟ್ ಬಿಸಿಲು ಬೀಳುತ್ತದೆ. ಚಪ್ಪಟೆ ಕಲೆಕ್ಟರ್ ಅದರಲ್ಲಿ ಅರ್ಧ ಹಿಡಿದುಕೊಟ್ಟರೂ ಸುಮಾರು 140 ಚದರ ಮೀಟರ್ ಕಲೆಕ್ಟರ್ ಸಾಕು. 1500 ಚದರ ಅಡಿ ಅನ್ನಿ. ನಿಮ್ಮಲ್ಲಿ ಎಷ್ಟೋ ಜನರ ಶೆಡ್ ಮೇಲೆ ಇದಕ್ಕಿಂತ ಜಾಸ್ತಿ ಜಾಗ ಸುಮ್ನೆ ಬಿಸಿಲಿಗೆ ಬಿದ್ದಿದೆ, ಅಲ್ವಾ?

ಇನ್ನು ಉಳಿತಾಯ. ಇಷ್ಟೇ ಬಿಸಿಯನ್ನು ಡೀಸೆಲ್ ಬಾಯ್ಲರ್‌ನಿಂದ ಪಡೆದರೆ ದಿನಕ್ಕೆ ಸುಮಾರು 45 ಲೀಟರ್ ಬೇಕು. ಇವತ್ತಿನ ದರ ಹಾಕಿದರೆ ಅದು ಸಣ್ಣ ಮೊತ್ತವಲ್ಲ. ಅದೇ ಸೌದೆಯಾದರೆ, ಬಾಯ್ಲರ್ ಸಾಧಾರಣ ಇದ್ದರೆ, ಸುಮಾರು 145 ಕಿಲೋ. ಸೌದೆ ಕಿಲೋಗೆ ನಿಮಗೆ ಎಷ್ಟು ಬೀಳುತ್ತದೋ ಅದರಿಂದ ಗುಣಿಸಿ. ಎರಡೂ ಮೊತ್ತ ಪಕ್ಕ ಪಕ್ಕ ಬರೆದರೆ ಕಣ್ಣು ತೆರೆಯುತ್ತದೆ. ಡೀಸೆಲ್ ಸುಡುವವರಿಗೆ ಸೋಲಾರ್ ಹಾಕಿದ ಹಣ ಬೇಗ ವಾಪಸ್ ಬರುತ್ತದೆ. ಅಗ್ಗದ ಸೌದೆ ಸುಡುವವರಿಗೆ ಅದರ ಹಲವು ಪಟ್ಟು ಕಾಯಬೇಕಾಗುತ್ತದೆ. "ಸೋಲಾರ್ ಹಾಕಿ, ಮೂರು ವರ್ಷದಲ್ಲಿ ದುಡ್ಡು ವಾಪಸ್" ಅಂತ ಎಲ್ಲರಿಗೂ ಒಂದೇ ಮಾತು ಹೇಳುವವರನ್ನು ನಂಬಬೇಡಿ. ನೀವು ಏನು ಸುಡುತ್ತೀರಿ ಎಂದು ಕೇಳದೆ ಆ ಮಾತು ಹೇಳಲು ಬರುವುದಿಲ್ಲ.

ಹಾಗಂತ ಸೌದೆಯ ಬೆಲೆ ಇಷ್ಟೇ ಅಂತ ತಿಳಿಯಬೇಡಿ. ನಿತ್ಯ ಸೌದೆ ಒಟ್ಟುವ ಕೆಲಸಗಾರನ ಕೂಲಿ, ಬೂದಿ ಸಾಗಿಸುವುದು, ಮಳೆಗಾಲದಲ್ಲಿ ಒದ್ದೆ ಸೌದೆ ಹೊಗೆಯಾಡುವುದು, ಮಾಲಿನ್ಯ ನಿಯಂತ್ರಣದವರ ನೋಟಿಸು, ಇವೆಲ್ಲ ಸೌದೆಯ ಖಾತೆಗೇ ಬರಬೇಕು. ಹೊರದೇಶದ ಬ್ರ್ಯಾಂಡುಗಳಿಗೆ ಹೊಲಿದುಕೊಡುವವರಿಗೆ ಇನ್ನೊಂದು ಒತ್ತಡವೂ ಇದೆ. ನಿಮ್ಮ ಬಟ್ಟೆಗೆ ಎಷ್ಟು ಇಂಗಾಲ ಉರಿಯಿತು ಎಂದು ಕೊಳ್ಳುವವರು ಕೇಳತೊಡಗಿದ್ದಾರೆ.

ಒಬ್ಬ ವಿದ್ಯಾರ್ಥಿ ಆಗಲೇ ಚೀಟಿ ಕಳಿಸಿದ್ದಾನೆ. "ಪ್ಯಾನೆಲ್ ಇಷ್ಟು ಅಗ್ಗವಾದ ಮೇಲೆ ಈ ಬಿಸಿನೀರಿನ ಕಲೆಕ್ಟರ್ ಯಾಕೆ ಬೇಕು? ಕರೆಂಟಿನಿಂದಲೇ ನೀರು ಕಾಯಿಸಬಹುದಲ್ಲ?" ಇದು ಇವತ್ತಿನ ನಿಜವಾದ ಪ್ರಶ್ನೆ. ಇದಕ್ಕೆ ಲೆಕ್ಕದಲ್ಲೇ ಉತ್ತರ ಕೊಡುತ್ತೇನೆ.

ನಮ್ಮ ಕಡೆ ಒಂದು ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ನಮಗೆ ಬೇಕಾದದ್ದು 372. ಆ ಕರೆಂಟನ್ನು ನೇರವಾಗಿ ಹೀಟರ್ ಕಾಯಿಲ್‌ಗೆ ಕೊಟ್ಟರೆ 93 ಕಿಲೋವ್ಯಾಟ್ ಪ್ಯಾನೆಲ್ ಬೇಕು. ಜಾಗ 430 ಚದರ ಮೀಟರ್‌ಗೂ ಜಾಸ್ತಿ. ಕಲೆಕ್ಟರ್‌ಗೆ ಬೇಕಾದದ್ದರ ಮೂರು ಪಟ್ಟು. ಈ ದಾರಿ ಬೇಡ. ಆದರೆ ನಡುವೆ ಒಂದು ಹೀಟ್ ಪಂಪ್ ಇಟ್ಟರೆ ಲೆಕ್ಕ ಬದಲಾಗುತ್ತದೆ. ಹೀಟ್ ಪಂಪ್ ಅಂದರೆ ಎಸಿಯೇ, ಅದರ ಬಿಸಿ ಬದಿಯನ್ನು ನಾವು ಬಳಸುತ್ತೇವೆ ಅಷ್ಟೇ. ಅದು ಶಾಖವನ್ನು ಹುಟ್ಟಿಸುವುದಿಲ್ಲ, ಗಾಳಿಯಲ್ಲಿರುವ ಶಾಖವನ್ನು ನೀರಿಗೆ ಸಾಗಿಸುತ್ತದೆ. ಹಾಗಾಗಿ ಒಂದು ಯೂನಿಟ್ ಕರೆಂಟಿಗೆ ಮೂರು, ಮೂರೂವರೆ ಯೂನಿಟ್ ಶಾಖ ಸಿಗುತ್ತದೆ. ಬಳ್ಳಾರಿಯಂಥ ಸೆಕೆಯ ಊರಿನಲ್ಲಿ ಇದಕ್ಕೆ ಇನ್ನೂ ಅನುಕೂಲ. ಮೂರೂವರೆ ಅಂತ ಹಿಡಿದರೆ 372 ಯೂನಿಟ್ ಶಾಖಕ್ಕೆ 106 ಯೂನಿಟ್ ಕರೆಂಟ್ ಸಾಕು. ಅದಕ್ಕೆ 27 ಕಿಲೋವ್ಯಾಟ್ ಪ್ಯಾನೆಲ್. ಜಾಗ ಸುಮಾರು 130 ಚದರ ಮೀಟರ್.

ನೋಡಿ, ಕಲೆಕ್ಟರ್‌ಗೆ 140, ಹೀಟ್ ಪಂಪ್ ಜೊತೆ ಪ್ಯಾನೆಲ್‌ಗೆ 130. ಎರಡೂ ಒಂದೇ ಜಾಗಕ್ಕೆ ಬಂದು ನಿಂತವು. ಹತ್ತು ಹದಿನೈದು ವರ್ಷದ ಹಿಂದೆ ಇದು ಸ್ಪರ್ಧೆಯೇ ಆಗಿರಲಿಲ್ಲ, ಪ್ಯಾನೆಲ್ ಅಷ್ಟು ದುಬಾರಿ. ಈಗ 80 ಡಿಗ್ರಿಗಿಂತ ಕೆಳಗಿನ ಕೆಲಸಕ್ಕೆ ಎರಡಕ್ಕೂ ಕೊಟೇಶನ್ ತರಿಸಿ ಹೋಲಿಸಲೇಬೇಕು. ನನ್ನ ಅನಿಸಿಕೆ ಕೇಳಿದರೆ, ವಾರವಿಡೀ ಒಂದೇ ಸಮನೆ ಬಿಸಿನೀರು ಬೇಕಾದ ಘಟಕಕ್ಕೆ ಕಲೆಕ್ಟರ್ ಸರಳ, ಕೆಡುವ ಭಾಗಗಳು ಕಡಿಮೆ. ಕೆಲಸ ಏರಿಳಿಯುವ ಘಟಕಕ್ಕೆ ಪ್ಯಾನೆಲ್ ಮತ್ತು ಹೀಟ್ ಪಂಪ್ ಒಳ್ಳೆಯದು. ಯಾಕೆಂದರೆ ಆರ್ಡರ್ ಇಲ್ಲದ ದಿನ ಆ ಕರೆಂಟ್ ಹೊಲಿಗೆ ಮೆಷಿನ್ನಿಗೋ ಗ್ರಿಡ್‌ಗೋ ಹೋಗುತ್ತದೆ. ಬಿಸಿನೀರನ್ನು ಗ್ರಿಡ್‌ಗೆ ಮಾರಲು ಆಗುವುದಿಲ್ಲವಲ್ಲ.

ಡೇರಿಯವರಿಗೆ ಇಲ್ಲಿ ಒಂದು ವಿಶೇಷ ಮಾತಿದೆ. ಕರೆದ ಹಾಲು 35 ಡಿಗ್ರಿ ಹತ್ತಿರ ಇರುತ್ತದೆ. ಅದನ್ನು 4 ಡಿಗ್ರಿಗೆ ಇಳಿಸುತ್ತೀರಿ. ಹಾಲಿನಿಂದ ತೆಗೆದ ಬಿಸಿಯನ್ನು ತಣಿಸುವ ಯಂತ್ರದ ಬಿಸಿ ಬದಿಯಾದ ಕಂಡೆನ್ಸರ್ ಮೂಲಕ ಹೊರಗೆ ಊದಿಬಿಡುತ್ತೀರಿ. ಅದೇ ಕಟ್ಟಡದ ಇನ್ನೊಂದು ಮೂಲೆಯಲ್ಲಿ ಕ್ಯಾನು ತೊಳೆಯಲು ನೀರು ಕಾಯಿಸುತ್ತೀರಿ. ಆ ಎರಡು ಮೂಲೆಗಳನ್ನು ಒಂದು ಪೈಪಿನಿಂದ ಜೋಡಿಸುವ ಕೆಲಸ ಸೋಲಾರ್‌ಗಿಂತ ಮೊದಲು ಆಗಬೇಕು. ಆ ಪೈಪ್ ಬಂದ ಮೇಲೆ ಬೇಕಾಗುವ ಸೋಲಾರ್ ಕೂಡ ಚಿಕ್ಕದಾಗುತ್ತದೆ.

100 ಡಿಗ್ರಿಗಿಂತ ಮೇಲಿನ ಹಬೆಯೇ ಬೇಕಾದವರು ಏನು ಮಾಡಬೇಕು? ಪಾಲಿಯೆಸ್ಟರ್ ಬಣ್ಣ ಹಾಕುವವರಿಗೆ 130 ಡಿಗ್ರಿ ಬೇಕು, ಔಷಧ ಕಾರ್ಖಾನೆಗೂ ಹಬೆ ಬೇಕು. ಅವರು ಬಾಯ್ಲರ್ ಕಿತ್ತುಹಾಕಬೇಕಿಲ್ಲ. ಬಾಯ್ಲರ್‌ಗೆ ಹೋಗುವ ನೀರನ್ನು ಬಿಸಿಲಿನಿಂದ ಕಾಯಿಸಿ ಕೊಟ್ಟರೂ ಲಾಭವಿದೆ. ಫೀಡ್ ವಾಟರ್, ಅಂದರೆ ಒಳಗೆ ಹೋಗುವ ಆ ನೀರು, ಪ್ರತಿ 6 ಡಿಗ್ರಿ ಏರಿದರೆ ಇಂಧನ ಸುಮಾರು ನೂರಕ್ಕೆ ಒಂದು ಪಾಲು ಉಳಿಯುತ್ತದೆ ಅನ್ನುವುದು ಬಾಯ್ಲರ್ ಮನೆಯ ಹಳೆಯ ಲೆಕ್ಕ. 30 ಡಿಗ್ರಿ ನೀರನ್ನು 90 ಮಾಡಿ ಕೊಟ್ಟರೆ ನೂರಕ್ಕೆ ಹತ್ತು. ಹತ್ತೇ ಪಾಲಾ ಅಂತ ಮುಖ ಸಿಂಡರಿಸಬೇಡಿ. ವರ್ಷಕ್ಕೆ ಹತ್ತು ಲಾರಿ ಲೋಡಿನಲ್ಲಿ ಒಂದು ಲೋಡ್ ಅದು. ಅದೂ ಸರಳ ಉಪಕರಣದಿಂದ, ಬಾಯ್ಲರ್ ನಿಲ್ಲಿಸದೆ. ಹಬೆ ತಣಿದು ನೀರಾದದ್ದನ್ನು ನೀವು ಈಗಾಗಲೇ ಬಾಯ್ಲರ್‌ಗೆ ವಾಪಸ್ ತರುತ್ತಿದ್ದರೆ ಈ ಲಾಭ ಕಡಿಮೆ, ಯಾಕೆಂದರೆ ನೀರು ಆಗಲೇ ಬಿಸಿಯಾಗಿರುತ್ತದೆ. ತರುತ್ತಿಲ್ಲದಿದ್ದರೆ ಮೊದಲು ಅದನ್ನು ತನ್ನಿ.

ರಾತ್ರಿ ಪಾಳಿಯ ಪ್ರಶ್ನೆ ಬಂದೇ ಬರುತ್ತದೆ. ಶಾಖಕ್ಕೆ ಇಲ್ಲಿ ದೊಡ್ಡ ಅನುಕೂಲ ಇದೆ. ಒಂದು ಸಾವಿರ ಲೀಟರ್ ನೀರು 30 ಡಿಗ್ರಿ ಹೆಚ್ಚು ಬಿಸಿಯಾಗಿ ನಿಂತರೆ ಅದರಲ್ಲಿ ಸುಮಾರು 35 ಯೂನಿಟ್ ಶಕ್ತಿ ಇರುತ್ತದೆ. ಅಷ್ಟೇ ಶಕ್ತಿಯ ಬ್ಯಾಟರಿಗೂ, ಶಾಖ ತಡೆಯುವ ಗ್ಲಾಸ್‌ವುಲ್ ಸುತ್ತಿದ ಒಂದು ಟ್ಯಾಂಕಿಗೂ ಬೆಲೆ ಕೇಳಿ ನೋಡಿ. ಚಿಲಿಯವರು ಅಷ್ಟು ದೊಡ್ಡ ತೊಟ್ಟಿ ಕಟ್ಟಿದ್ದು ಅದಕ್ಕೇ. ಗಣಿ ರಾತ್ರಿಯೂ ನಡೆಯುತ್ತದೆ. ಕರೆಂಟಿನ ಕಡೆಯೂ ಇದೇ ಯುಕ್ತಿ ಮಾಡಬಹುದು. ಹಾಲು ತಣಿಸುವ ಕೇಂದ್ರದಲ್ಲಿ ಹಗಲು ಸೋಲಾರ್ ಕರೆಂಟಿನಿಂದ ಐಸ್ ಕಟ್ಟಿಟ್ಟು, ಸಂಜೆ ಹಾಲು ಬಂದಾಗ ಅದನ್ನು ಕರಗಿಸಿ ಬಳಸಬಹುದು. ಬ್ಯಾಟರಿಯ ಮಾತೇ ಬೇಡ.

ಎಲ್ಲಿ ಸೋಲಾರ್ ಶಾಖ ಬೇಡ ಎಂದೂ ಹೇಳಬೇಕು. ಮಂಡ್ಯದ ಆಲೆಮನೆಗೆ ಹೋಗಿ. ಕಬ್ಬಿನ ಹಾಲು ಕಾಯಿಸುವ ಒಲೆಗೆ ಅದೇ ಕಬ್ಬಿನ ಸಿಪ್ಪೆ. ಗಂಗಾವತಿ ಕಡೆಯ ರೈಸ್ ಮಿಲ್ಲಿಗೆ ಹೋಗಿ. ಭತ್ತ ಬೇಯಿಸಲು ಅದೇ ಭತ್ತದ ಹೊಟ್ಟು. ಇಂಧನ ಅಂಗಳದಲ್ಲೇ ಬಿದ್ದಿರುವಾಗ ಕನ್ನಡಿ ಕೊಳ್ಳಿ ಎಂದು ಅವರಿಗೆ ಹೇಳುವುದು ನ್ಯಾಯವಲ್ಲ. ಅವರಿಗೆ ಬೇಕಾದದ್ದು ಒಳ್ಳೆಯ ಒಲೆ, ಕಡಿಮೆ ಹೊಗೆ. ಮಂಗಳೂರು ಹೆಂಚಿನ ಗೂಡು, ಸಿಮೆಂಟಿಗೆ ಕಲ್ಲು ಸುಡುವ ಕಿಲ್ನ್ ಇವು ಇನ್ನೊಂದು ತುದಿ. ಸಿಮೆಂಟಿಗೆ 1450 ಡಿಗ್ರಿ ಬೇಕು. ಕನ್ನಡಿಯ ಶಾಖದಿಂದ ಕ್ಲಿಂಕರ್, ಅಂದರೆ ಪುಡಿ ಮಾಡಿದರೆ ಸಿಮೆಂಟಾಗುವ ಸುಟ್ಟ ಗಟ್ಟಿ, ಮಾಡಿ ತೋರಿಸುವ ಪ್ರಯೋಗಗಳು ಸ್ಪೇನ್‌ನಲ್ಲಿ ನಡೆದಿವೆ. ಆದರೆ ಪ್ರಯೋಗಕ್ಕೂ ದಿನಕ್ಕೆ ಸಾವಿರಾರು ಟನ್ ಮಾಡುವುದಕ್ಕೂ ನಡುವೆ ದೂರ ಬಹಳ ಇದೆ.

ಇಷ್ಟು ಹೊತ್ತು ಶಾಖದ ಮಾತಾಯಿತು. ಕರೆಂಟಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಯಾಕೆಂದರೆ ಆ ದಾರಿ ಈಗ ಸವೆದ ದಾರಿ. ಪಾವಗಡದಲ್ಲಿ 2050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ, ಸುಮಾರು 13,000 ಎಕರೆ. ಅಲ್ಲಿ ರೈತರ ಜಮೀನನ್ನು ಕೊಳ್ಳಲಿಲ್ಲ, ಗುತ್ತಿಗೆಗೆ ತೆಗೆದುಕೊಂಡರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ಮಳೆ ಕೈಕೊಟ್ಟ ತಾಲ್ಲೂಕಿನಲ್ಲಿ ಇದು ಜಮೀನಿದ್ದವರಿಗೆ ಆಸರೆಯಾಯಿತು. ಅದೇ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದ, ಕುರಿ ಮೇಯಿಸುತ್ತಿದ್ದ, ಪಹಣಿಯಲ್ಲಿ ಹೆಸರಿಲ್ಲದವರಿಗೆ ಗುತ್ತಿಗೆ ಹಣ ಬರುವುದಿಲ್ಲ. ಪಾವಗಡವನ್ನು ಹೊಗಳುವಾಗ ಇದನ್ನೂ ಸೇರಿಸಿಯೇ ಹೇಳಬೇಕು ಎಂದು ನಾನು ನಂಬಿದ್ದೇನೆ. ಶೆಡ್ ಮೇಲೆ ಹಾಕುವ ಪ್ಯಾನೆಲ್ ನನಗೆ ಹೆಚ್ಚು ಇಷ್ಟವಾಗುವುದು ಇದಕ್ಕೇ. ಅದು ಯಾರ ಮೇವನ್ನೂ ಕಸಿಯುವುದಿಲ್ಲ.

ಶೆಡ್ ಚಿಕ್ಕದು, ಕರೆಂಟ್ ಜಾಸ್ತಿ ಬೇಕು ಅನ್ನುವವರಿಗೂ ದಾರಿ ಇದೆ. 2022ರ ಹಸಿರು ಇಂಧನ ಮುಕ್ತ ಪ್ರವೇಶ ನಿಯಮಗಳು 100 ಕಿಲೋವ್ಯಾಟ್‌ನಷ್ಟು ಬೇಡಿಕೆ ಇದ್ದವರಿಗೂ ಬೇರೆ ಕಡೆ ಉತ್ಪಾದಿಸಿದ ಸೋಲಾರ್ ಕರೆಂಟನ್ನು ಗ್ರಿಡ್ ಮೂಲಕ ತರಿಸಿಕೊಳ್ಳುವ ಅವಕಾಶ ಕೊಟ್ಟಿದ್ದವು. ಕೆಲವು ಘಟಕಗಳು ಒಟ್ಟಾಗಿ ಸ್ವಂತ ಬಳಕೆಯ ಸ್ಥಾವರ ಅಂತಲೂ ಮಾಡಿಕೊಳ್ಳಬಹುದು. ಅದರಲ್ಲಿ ಬಳಕೆದಾರರ ಬಂಡವಾಳ ನೂರಕ್ಕೆ 26ಕ್ಕಿಂತ ಕಡಿಮೆ ಇರಬಾರದು, ಉತ್ಪಾದನೆಯಲ್ಲಿ ನೂರಕ್ಕೆ 51 ಪಾಲನ್ನಾದರೂ ಅವರೇ ಬಳಸಬೇಕು. ಆದರೆ ಈ ನಿಯಮಗಳೂ, ವೀಲಿಂಗ್ (ಗ್ರಿಡ್ ತಂತಿಯಲ್ಲಿ ಕರೆಂಟ್ ಸಾಗಿಸುವ ಬಾಡಿಗೆ) ಮತ್ತು ಉಳಿದ ಶುಲ್ಕಗಳೂ ಕಾಲಕಾಲಕ್ಕೆ ಬದಲಾಗುತ್ತವೆ. ಸಹಿ ಹಾಕುವ ದಿನದ ಆದೇಶವನ್ನು ಓದಿಯೇ ಲೆಕ್ಕ ಮಾಡಿ.

ಬಳ್ಳಾರಿಗೇ ಸಂಬಂಧಿಸಿದ ಎರಡು ಮಾತು. ಪ್ಯಾನೆಲ್‌ನ ಸಾಮರ್ಥ್ಯ ಅಳೆಯುವುದು ಅದು 25 ಡಿಗ್ರಿಯಲ್ಲಿರುವಾಗ. ನಿಮ್ಮ ತಗಡಿನ ಶೆಡ್ ಮೇಲೆ ಬೇಸಿಗೆಯಲ್ಲಿ ಅದು 60 ದಾಟುತ್ತದೆ. ಪ್ರತಿ ಡಿಗ್ರಿಗೆ ನೂರಕ್ಕೆ 0.3ರಿಂದ 0.4ರಷ್ಟು ಉತ್ಪಾದನೆ ಬೀಳುತ್ತದೆ. ಒಟ್ಟು ನೂರಕ್ಕೆ 10ರ ಮೇಲೆ ನಷ್ಟ. ತಗಡಿಗೆ ಅಂಟಿಸಿದ ಹಾಗೆ ಕೂರಿಸಬೇಡಿ, ಕೆಳಗೆ ಗಾಳಿ ಆಡಲು ಜಾಗ ಬಿಡಿ. ಎರಡನೆಯದು, ಅದಿರಿನ ಧೂಳು. ಆ ಕೆಂಪು ಧೂಳು ಗಾಜಿನ ಮೇಲೆ ಕೂತು ಇಬ್ಬನಿಗೆ ಅಂಟಿಕೊಂಡರೆ ಸುಮ್ಮನೆ ನೀರು ಚಿಮುಕಿಸಿದರೆ ಹೋಗುವುದಿಲ್ಲ, ಉಜ್ಜಿ ತೆಗೆಯಬೇಕು. ಯಾರು, ಯಾವ ವಾರ, ಯಾವ ನೀರಿನಿಂದ ತೊಳೆಯುತ್ತಾರೆ ಅನ್ನುವುದು ಮೊದಲೇ ಗೊತ್ತಾಗಬೇಕು. ಹತ್ತಿ ಹೋಗಲು ಏಣಿ, ನಡೆಯಲು ಹಲಗೆ, ಹಿಡಿಯಲು ಕಂಬಿ ಇರಬೇಕು. ತಗಡಿನ ಮೇಲೆ ಹತ್ತುವ ಹುಡುಗನ ಜೀವ ನಿಮ್ಮ ಜವಾಬ್ದಾರಿ.

ಬಿಸಿನೀರಿನ ಕಲೆಕ್ಟರ್‌ಗೆ ನಮ್ಮ ಕಡೆ ದೊಡ್ಡ ಶತ್ರು ಗಡಸು ನೀರು. ಬೋರ್‌ವೆಲ್ ನೀರನ್ನು ನೇರವಾಗಿ ಬಿಟ್ಟರೆ ಕೊಳವೆಯೊಳಗೆ ಸುಣ್ಣ ಕಟ್ಟಿ, ಒಂದೆರಡು ವರ್ಷದಲ್ಲಿ ನೀರು ಹರಿಯುವುದೇ ನಿಲ್ಲುತ್ತದೆ. ಸೋಲಾರ್ ಕೆಲಸ ಮಾಡಲ್ಲ ಅನ್ನುವ ದೂರುಗಳಲ್ಲಿ ಎಷ್ಟೋ ಇದೇ. ಕಲೆಕ್ಟರ್ ಒಳಗೆ ಮೆದು ನೀರು ಸುತ್ತುತ್ತಾ ಇರಲಿ, ಅದು ಹೀಟ್ ಎಕ್ಸ್‌ಚೇಂಜರ್ ಮೂಲಕ, ಅಂದರೆ ಎರಡು ನೀರು ಬೆರೆಯದೆ ಬಿಸಿ ಮಾತ್ರ ದಾಟಿಸುವ ಉಪಕರಣದ ಮೂಲಕ, ನಿಮ್ಮ ನೀರಿಗೆ ಬಿಸಿ ಕೊಡಲಿ. ಸ್ವಲ್ಪ ಖರ್ಚು ಜಾಸ್ತಿ, ಆಯಸ್ಸೂ ಜಾಸ್ತಿ. ಇನ್ನು ಹಬ್ಬಕ್ಕೆ ನಾಲ್ಕು ದಿನ ಘಟಕ ಮುಚ್ಚಿದಾಗ ಕಲೆಕ್ಟರ್‌ಗೆ ರಜೆ ಇಲ್ಲ. ಒಳಗಿನ ನೀರು ಕುದಿದು ಒತ್ತಡ ಏರುತ್ತದೆ. ಅದಕ್ಕೆ ಸೇಫ್ಟಿ ವಾಲ್ವ್, ಮುಚ್ಚುವ ಹೊದಿಕೆ, ಏನಾದರೊಂದು ವ್ಯವಸ್ಥೆ ಒಪ್ಪಂದದಲ್ಲೇ ಬರೆದಿರಲಿ.

ಕೊನೆಯದಾಗಿ, ನಾಳೆಯೇ ಶುರು ಮಾಡಬಹುದಾದ ಕೆಲಸ. ಶುರು ಮಾಡಲು ದುಡ್ಡು ಬೇಕಿಲ್ಲ. ಒಂದು ತಿಂಗಳು ಪ್ರತಿ ಪಾಳಿಯಲ್ಲೂ ಬಿಸಿನೀರು ಎಷ್ಟು ಹೋಯಿತು, ಎಷ್ಟು ಡಿಗ್ರಿ ಇತ್ತು, ಎಷ್ಟು ಗಂಟೆಗೆ ಬೇಕಾಯಿತು, ಎಷ್ಟು ಸೌದೆ ಅಥವಾ ಡೀಸೆಲ್ ಉರಿಯಿತು ಎಂದು ಬರೆದಿಡಿ. ಬೆತ್ತಲೆ ಪೈಪುಗಳಿಗೆ ಹೊದಿಕೆ ಹಾಕಿಸಿ, ಹಬೆ ಪೈಪಿನಿಂದ ತಣಿದ ನೀರನ್ನಷ್ಟೇ ಹೊರಬಿಡಬೇಕಾದ ಸ್ಟೀಮ್ ಟ್ರ್ಯಾಪ್ ಸೋರುತ್ತಿದ್ದರೆ ಸರಿ ಮಾಡಿಸಿ, ಮತ್ತೆ ಒಂದು ತಿಂಗಳು ಬರೆಯಿರಿ. ಆ ಎರಡನೇ ತಿಂಗಳ ಪುಸ್ತಕ ಹಿಡಿದುಕೊಂಡು ಕೊಟೇಶನ್ ಕೇಳಿ. ಮಾರುವವರಿಗೆ ಎರಡು ಷರತ್ತು ಹಾಕಿ. ಒಳಗೆ ಹೋಗುವ, ಹೊರಗೆ ಬರುವ ನೀರಿನ ಬಿಸಿ ಮತ್ತು ಹರಿವು ಎರಡನ್ನೂ ಅಳೆಯುವ ಹೀಟ್ ಮೀಟರ್ ಕೂರಿಸಬೇಕು. ಒಟ್ಟು ಹಣದಲ್ಲಿ ಒಂದು ಭಾಗವನ್ನು ಹಿಡಿದಿಟ್ಟು, ಮೊದಲ ವರ್ಷದ ಮೀಟರ್ ಓದು ನೋಡಿ ಕೊಡುತ್ತೇವೆ ಎಂದು ಹೇಳಿ. ಇದಕ್ಕೆ ಒಪ್ಪುವವರು ಸಿಗುತ್ತಾರೆ. ಒಪ್ಪದವರ ಜೊತೆ ಮಾತು ಅಲ್ಲಿಗೇ ನಿಲ್ಲಿಸಿ, ಮುಂದಿನವರನ್ನು ಕರೆಯಿರಿ.